ಎದೆಮಟ್ಟದ ನೀರು

"ಬೋಟಿಂಗ್ ಅಂದ್ರ ಏನು, ಕುಂತು ಪೆಡಲ್ ತುಳಿಯೋದು. ಅದಕ್ಕ ನಮ್ಮನ್ಯಾಗ ಸೈಕಲ್ ಐತಿ" ಎಂದು ಕ್ರಾಂತಿಕುಮಾರ್ ಮೇಜು ಗುದ್ದಿದ ರಭಸಕ್ಕೆ ಸೋಡಾ ಬಾಟಲಿ ಉರುಳಿ ಕೆಳಗೆ ಬಿದ್ದು ಒಡೆಯಿತು. ಕ್ಯಾಂಟೀನಿನ ತಗಡಿನ ನೆರಳಲ್ಲಿ ಕೂತಿದ್ದವರೆಲ್ಲ ಕಾಲು ಮೇಲೆತ್ತಿಕೊಂಡರೇ ಹೊರತು ಗಾಜು ಗುಡಿಸಲು ಯಾರೂ ಏಳಲಿಲ್ಲ. ಅವರಿಗೆ ಇದು ಹೊಸದಲ್ಲ. ವಕ್ರಗನ್ನಡಿಯ ಕೋಣೆ ಕೆಡವಬೇಕೋ ಬೇಡವೋ ಎಂಬ ಮಾತಿಗೆ ಹೋದ ವರ್ಷ ಇದೇ ಮೇಜಿನ ಒಂದು ಕಾಲು ಮುರಿದಿತ್ತು. ಅದಕ್ಕೂ ಮುಂಚೆ ತಿರುಗುವ ಕುದುರೆಗಳಿಗೆ ಕೆಂಪು ಬಳಿಯಬೇಕೋ ಹಸಿರೋ ಎಂದು ಶಿವಯೋಗಪ್ಪ ಮೇಷ್ಟ್ರು, ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸಿದ ಸಾಧು ಮನುಷ್ಯ, ಬೊಮ್ಮಪ್ಪನ ಕೊರಳಪಟ್ಟಿ ಹಿಡಿದಿದ್ದರು.

ಪಾರ್ಕೇನು ಅವರಪ್ಪನದಲ್ಲ. ಕಾನಹೊಸಹಳ್ಳಿ ದಾಟಿದ ಮೇಲೆ ಹೈವೇ ಪಕ್ಕ ಗುರುಸಂಗಪ್ಪ ಎಂಟು ವರ್ಷದ ಹಿಂದೆ ಹಾಕಿದ್ದು ಅದು. ಎಂಟು ಪೆಟ್ಟಿಗೆಯ ದೊಡ್ಡ ತೊಟ್ಟಿಲು, ಬಾಲ ಎರಡು ಸಲ ಮುರಿದು ಬಿದ್ದ ಸಿಮೆಂಟಿನ ಡೈನೋಸಾರ್, ಉದ್ಘಾಟನೆಯ ದಿನ ಬಿಟ್ಟರೆ ಮತ್ತೆಂದೂ ಓಡದ ಪುಟಾಣಿ ರೈಲು, ಇಷ್ಟೇ ಅದರ ವೈಭವ. ಆದರೆ ಕೂಡ್ಲಿಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಬೊಮ್ಮಪ್ಪ, ಕೊಟ್ಟೂರಿನಿಂದ ಸ್ಕೂಟರಿನಲ್ಲಿ ಬರುವ ಮೇಷ್ಟ್ರು, ಕರೆಂಟ್ ಆಫೀಸಿನ ಲೈನ್‌ಮನ್ ಕ್ರಾಂತಿಕುಮಾರ್, ಈ ಮೂವರೂ ಭಾನುವಾರ ಬಂತೆಂದರೆ ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಇಲ್ಲಿ ಹಾಜರು. ತೊಟ್ಟಿಲು ತಿರುಗಿಸುವ ಮೆಕ್ಯಾನಿಕ್ ರಫೀಕ್ ಸಂಬಳಕ್ಕಿದ್ದರೂ ಹುಚ್ಚಿನಲ್ಲಿ ಅವರಿಗಿಂತ ಒಂದು ಕೈ ಮೇಲು. ಹೊಸ ಆಟ ಯಾವುದು ತರಬೇಕು, ಹಳೆಯದು ಯಾವುದು ತೆಗೆಯಬೇಕು ಎಂದು ಇವರನ್ನು ಕೇಳದೆ ಗುರುಸಂಗಪ್ಪ ಒಂದು ಮೊಳೆಯನ್ನೂ ಹೊಡೆಸುತ್ತಿರಲಿಲ್ಲ.

ಈಗಿನ ಜಗಳ ಕ್ಯಾಂಟೀನಿನ ಎದುರಿಗೇ ಹೊಳೆಯುತ್ತಿತ್ತು. ಹಳೆಯ ಗುಲಾಬಿ ತೋಟ ಕಿತ್ತು ಕಟ್ಟಿಸಿದ್ದ ಉದ್ದನೆಯ ಸಿಮೆಂಟಿನ ಹೊಂಡ, ಒಳಗೆಲ್ಲ ನೀಲಿ ಬಣ್ಣ, ಎದೆಮಟ್ಟ ನೀರು. ಸೋರುತ್ತದೆಯೋ ಇಲ್ಲವೋ ನೋಡಲು ರಫೀಕ್ ಮೂರು ದಿನ ಕೊಳವೆಬಾವಿಯ ಮೋಟರು ಓಡಿಸಿ ತುಂಬಿಸಿದ್ದ. ಸೋರಲಿಲ್ಲ. ಇನ್ನು ಜನರನ್ನು ಈಜಲು ಬಿಡುವುದೊಂದೇ ಬಾಕಿ ಎನ್ನುವಾಗ ಗುರುಸಂಗಪ್ಪ ಗಲ್ಲ ಕೆರೆದುಕೊಳ್ಳುತ್ತ, ಈಜು ಬೇಡ, ಹಂಸದ ಆಕಾರದ ನಾಲ್ಕು ಬೋಟು ತಂದು ಬಿಟ್ಟರೆ ಹೇಗೆ ಎಂದು ಮಾತು ತೆಗೆದಿದ್ದರು. ಅವರು ಹೇಳಿ ಮುಗಿಸುವ ಮೊದಲೇ ಬೊಮ್ಮಪ್ಪ ಅದೇ ಸರಿ ಎಂದುಬಿಟ್ಟ.

ಕ್ರಾಂತಿಗೆ ಮೈ ಉರಿದದ್ದು ಅದಕ್ಕೆ. ನಲವತ್ತರ ಹತ್ತಿರ ಬಂದ ಈ ಮನುಷ್ಯನಿಗೆ ಈಜು ಬಾರದು. ಹರಪನಹಳ್ಳಿ ಕಡೆಯ ಅವನೂರಿನಲ್ಲಿ ಮೆಟ್ಟಿಲಿರುವ ದೊಡ್ಡ ಬಾವಿಯೊಂದಿತ್ತು. ಊರ ಹುಡುಗರೆಲ್ಲ ಧುಮುಕುವಾಗ ಅಪ್ಪ ಜೋಗಪ್ಪ ಇವನ ರಟ್ಟೆ ಹಿಡಿದು ಮರದ ಕೆಳಗೆ ನಿಲ್ಲಿಸಿಕೊಳ್ಳುತ್ತಿದ್ದ. ಇವನು ನೋಡಬಹುದಿತ್ತು, ಇಳಿಯುವಂತಿರಲಿಲ್ಲ. ಈಗ ಅದೇ ಬಾವಿಯ ಪಂಪಿಗೆ ಕರೆಂಟ್ ಹೋದರೆ ಇವನೇ ಬೇಕು. ಹೋಗುತ್ತಾನೆ, ಕಂಬ ಹತ್ತಿ ಸರಿಮಾಡುತ್ತಾನೆ, ಚಹಾ ಕೊಟ್ಟರೆ ಕುಡಿದು ಬರುತ್ತಾನೆ. ಹಡಗಲಿಯ ಹೊಳೆ ದಂಡೆಯಲ್ಲಿ ಬೆಳೆದ ರಫೀಕ್, "ಒಂದ್ ವಾರದಾಗ ನಿನ್ನ ತೇಲಿಸ್ತೀನಿ, ಬಾ" ಎಂದು ಮಾತು ಕೊಟ್ಟಿದ್ದ. ಆ ವಾರ ಇವತ್ತಿನಿಂದ ಶುರುವಾಗಬೇಕಿತ್ತು. ನಗಬೇಡಿ, ದಾವಣಗೆರೆಯಿಂದ ತರಿಸಿದ ಈಜುವ ಚಡ್ಡಿಯನ್ನು ಅವನು ಪ್ಯಾಂಟಿನೊಳಗೆ ಹಾಕಿಕೊಂಡೇ ಬಂದಿದ್ದ.

"ಹೋದ ತಿಂಗಳು ನೀನ ಕುಣದಾಡಿದ್ಯಲ್ಲೋ, ಈಜೋ ಹೊಂಡ ಆಗಲಿ ಅಂತ. ಈಗೇನ್ ಬಂತು ನಿನಗ?" ಎಂದ ಕ್ರಾಂತಿ.

"ಆಗ ವಿಚಾರ ಮಾಡಿದ್ದಿಲ್ಲ" ಎಂದ ಬೊಮ್ಮಪ್ಪ. "ಹೆಣ್ಮಕ್ಳು ಬರೋ ಜಾಗ ಇದು."

"ಅವರಿಗೆ ಬ್ಯಾರೆ ಟೈಮ್ ಇಟ್ರಾತು."

"ಯಾರಾರ ಮುಳುಗಿ ಸತ್ರ?"

"ಇರೋದು ಎದಿಮಟ್ಟ. ನಿನ್ನಂಥಾ ಆಳು ಇದ್ರಾಗ ಸಾಯಬೇಕಂದ್ರ ಭಾಳ ಕಷ್ಟಪಡಬೇಕು."

ಮೇಷ್ಟ್ರು ಕಿಸಕ್ಕನೆ ನಕ್ಕರು. ಬೊಮ್ಮಪ್ಪ ನಗಲಿಲ್ಲ. "ನೂರು ಮಂದಿ ಇಳದ ನೀರು. ಮೈಗೆ ಕಜ್ಜಿ ಬರ್ತೈತಿ" ಎಂದ.

"ಅದಕ್ಕ ಔಷಧ ಹಾಕ್ತಾರ" ಎಂದು ಈ ಸಲ ರಫೀಕ್ ಬಾಯಿ ಹಾಕಿದ. "ಹೊಸಪೇಟಿಗೆ ಹೋಗಿ ಕೇಳ್ಕೊಂಡು ಬಂದೀನಿ ನಾನು. ಕಜ್ಜಿ ಗಿಜ್ಜಿ ಏನೂ ಬರಾಂಗಿಲ್ಲ."

ಬೊಮ್ಮಪ್ಪ ನಿಟ್ಟುಸಿರು ಬಿಟ್ಟು ಕುರ್ಚಿಯನ್ನು ಕ್ರಾಂತಿಯ ಹತ್ತಿರಕ್ಕೆ ಎಳೆದುಕೊಂಡ. ತಿಳಿಯದ ಗೆಳೆಯನಿಗೆ ತಿಳಿಸಿ ಹೇಳುವ ಅಕ್ಕರೆಯಿಂದ ಅವನ ತೊಡೆಯ ಮೇಲೆ ಕೈಯಿಟ್ಟ.

"ಲೇ ಕ್ರಾಂತಿ, ನಿನಗ ಹೊಳೀವಲ್ದು. ಟಿಕೀಟು ಅಂತ ಇಟ್ಟ ಮ್ಯಾಲ ಯಾರಿಗೂ ಬ್ಯಾಡ ಅನ್ನಾಕ ಬರಾಂಗಿಲ್ಲ. ಆ ಕಡಿ ಕೇರಿಯೋರು ಇಡೀ ಮನಿಮಂದಿ ಬಂದು ಇಳೀತಾರ. ತೊಟ್ಟಿಲದಾಗ ನಡೀತೈತಿ, ಅವರ ಪೆಟ್ಟಿಗ್ಯಾಗ ಅವರು ಕುಂದರ್ತಾರ, ನಮ್ಮದ್ರಾಗ ನಾವು. ನೀರು ಹಂಗಲ್ಲ. ಅವರು ಮುಳುಗಿದ್ದು ನಮ್ಮ ಬಾಯಾಗ ಬರ್ತೈತಿ."

ರಫೀಕ್ ತಲೆ ತಗ್ಗಿಸಿ ತನ್ನ ಉಗುರಿನ ಸಂದಿಯ ಗ್ರೀಸು ನೋಡತೊಡಗಿದ. ಮೇಷ್ಟ್ರು ಕೆಮ್ಮಿದರು. ಮೇಜಿನ ಸುತ್ತ ಯಾಕೆ ಮಾತು ನಿಂತಿತೆಂದು ಬೊಮ್ಮಪ್ಪನಿಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಅವನು ಕ್ರಾಂತಿಯ ತೊಡೆ ತಟ್ಟಿದ.

"ನಿನ್ನ ಮಾತಲ್ಲಪ್ಪ ಇದು. ನೀ ನೌಕರಿ ಮಾಡಾಂವ. ನಿನ್ನ ನಾವು ಹಂಗ ತಿಳ್ಕೊಂಡ ಇಲ್ಲ."

ಅವನು ಅದನ್ನು ಮನಸಾರೆ ಹೇಳಿದ್ದ. ಕೇಡೆಲ್ಲ ಅಲ್ಲೇ ಇತ್ತು. ಎಂಟು ವರ್ಷ ಒಂದೇ ಪೆಟ್ಟಿಗೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತು ಆಕಾಶಕ್ಕೆ ಏರಿ ಇಳಿದವರು ಇವರು. ಮನೆ ಮನೆಗಳ ಮದುವೆಗಳಲ್ಲಿ ಉಂಡವರು. ಆದರೆ ಇವನ ಮನೆಯಲ್ಲಿ ಬೊಮ್ಮಪ್ಪ ಉಂಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದ ಕ್ರಾಂತಿಗೆ ಒಂದೇ ಒಂದು ದಿನವೂ ನೆನಪಾಗಲಿಲ್ಲ. ಪ್ರತಿ ಸಲವೂ ಉಪವಾಸವೋ, ಹೊಟ್ಟೆನೋವೋ, ಅವಸರದ ಕೆಲಸವೋ ಏನೋ ಒಂದು ಇರುತ್ತಿತ್ತು. ಇಷ್ಟು ದಿನ ಅದು ತನಗೆ ಕಾಣಲೇ ಇಲ್ಲವಲ್ಲ ಎಂದು ಅವನಿಗೆ ಬೊಮ್ಮಪ್ಪನಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು.

"ನೀವೂ ಇದನ್ನ ಅಂತೀರೇನ್ರಿ?" ಎಂದು ಅವನು ಗುರುಸಂಗಪ್ಪನ ಕಡೆ ತಿರುಗಿದ.

"ನಾನು ವ್ಯಾಪಾರ ಮಾಡಾಂವಪ್ಪ" ಎಂದರು ಗುರುಸಂಗಪ್ಪ, ಹೊಂಡದ ಕಡೆ ನೋಡುತ್ತ. "ನಾಕು ಮಂದಿ ಹೆಂಗಂತಾರ ಹಂಗ."

ಕ್ರಾಂತಿ ತೊಡೆಯ ಮೇಲಿದ್ದ ಕೈಯನ್ನು ತೆಗೆದ. ಆಮೇಲೆ ಹೊಡೆದ. ಹದಿನೈದು ವರ್ಷ ಕಂಬ ಹತ್ತಿ ತಂತಿ ಎಳೆದ ಕೈ ಅದು, ಬೊಮ್ಮಪ್ಪನ ಮೂಗು ಕಟ್ಟೆಂದ ಸದ್ದು ಎಲ್ಲರಿಗೂ ಕೇಳಿಸಿತು. ಕುರ್ಚಿ ಸಮೇತ ಹಿಂದಕ್ಕೆ ಬಿದ್ದವನು ಬಿಳಿ ಅಂಗಿಯ ಮೇಲೆ ರಕ್ತ ನೋಡಿ ಮೊದಲು ಬೆರಗಾದ, ಆಮೇಲೆ ಕೆರಳಿದ. ಕಬ್ಬಿಣದ ಮಡಚುವ ಕುರ್ಚಿಯನ್ನೇ ಎತ್ತಿ ಬೀಸಿದ. ಅದರ ಅಂಚು ಕ್ರಾಂತಿಯ ಹುಬ್ಬನ್ನು ಸೀಳಿತು.

"ನಿಮ್ಮನ್ನ ಪಕ್ಕದಾಗ ಕುಂದ್ರಿಸಿಕೊಂಡಿದ್ದಕ್ಕ ನನ್ನ ಚಪ್ಪಲೀಲೆ ಹೊಡಕೋಬೇಕು" ಎಂದ ಬೊಮ್ಮಪ್ಪ. ಒಂದು ನಿಮಿಷದ ಹಿಂದೆ 'ನೀನು' ಆಗಿದ್ದವನು 'ನೀವು' ಆಗಿದ್ದ, ಮರ್ಯಾದೆಯ ನೀವಲ್ಲ, ಇಡೀ ಕೇರಿಯನ್ನು ಸೇರಿಸಿದ ನೀವು.

ಕ್ರಾಂತಿ ತಲೆ ತಗ್ಗಿಸಿ ಹೋರಿಯಂತೆ ಅವನ ಹೊಟ್ಟೆಗೆ ನುಗ್ಗಿದ. ಇಬ್ಬರೂ ಒಡೆದ ಗಾಜಿನ ಮೇಲೆ ಹೊರಳಾಡಿದರು. ಬಿಡಿಸಲು ಬಂದ ಮೇಷ್ಟ್ರಿಗೆ ಯಾರದೋ ಮೊಣಕೈ ಬಡಿದು ಕನ್ನಡಕ ಹಾರಿತು. ಬೊಮ್ಮಪ್ಪ ಇವನ ಕಿವಿ ಕಚ್ಚಿದ, ಇವನು ಅವನ ಮುರಿದ ಮೂಗಿನ ಮೇಲೆಯೇ ಮತ್ತೆ ಗುದ್ದಿದ. ಏಳುತ್ತ ಬೀಳುತ್ತ ಹೊಂಡದ ಅಂಚಿಗೆ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಒಬ್ಬರನ್ನೊಬ್ಬರು ಬಿಡದೆ ಅಪ್ಪಿಕೊಂಡೇ ನೀರಿಗೆ ಬಿದ್ದರು.

ಮೊದಲು ಕಾಲು ಊರಿ ನಿಂತವನು ಕ್ರಾಂತಿ. ಬೊಮ್ಮಪ್ಪನ ಪಂಚೆ ನೀರಿನಲ್ಲಿ ಉಬ್ಬಿ ಅವನ ಕಾಲಿಗೆ ಸುತ್ತಿಕೊಂಡಿತ್ತು. ಕ್ರಾಂತಿ ಅವನ ಕೂದಲು ಹಿಡಿದು ತಲೆಯನ್ನು ಒಳಕ್ಕೆ ಅದುಮಿದ.

"ಕುಡಿ" ಎಂದ.

ಎತ್ತಿದ, ಬೊಮ್ಮಪ್ಪ ಬಾಯಿ ತೆರೆದು ಗಾಳಿ ಎಳೆದ. ಮತ್ತೆ ಅದುಮಿದ. "ಕುಡಿಯಲೇ. ನಾ ಮುಳುಗಿದ್ದ ನೀರದು, ಕುಡಿ."

ಸುಳ್ಳೇಕೆ ಹೇಳಬೇಕು, ಅವನಿಗೆ ಆಗ ಸುಖವಾಯಿತು. ಕೈಕೆಳಗೆ ಆ ದಪ್ಪ ಕುತ್ತಿಗೆ ಒದ್ದಾಡುವುದು, ಗುಳ್ಳೆಗಳು ಎದ್ದು ಒಡೆಯುವುದು, ನೀಲಿ ನೀರಿನಲ್ಲಿ ಕೆಂಪು ಬಿಚ್ಚಿಕೊಳ್ಳುವುದು, ಎಲ್ಲವೂ ಹಿತವಾಗಿತ್ತು. ಮೂರನೆಯ ಸಲ ಅದುಮಿದಾಗ ಮೇಲೆತ್ತುವ ಮನಸ್ಸೇ ಅವನಿಗಿರಲಿಲ್ಲ. ಒದ್ದಾಟ ಕಡಿಮೆಯಾಯಿತು. ಅವನು ಬಿಡಲಿಲ್ಲ. ಆಗ ರಫೀಕ್ ಹಿಂದಿನಿಂದ ಧುಮುಕಿ, ಗೆಳೆಯನ ಕಪಾಳಕ್ಕೆ ಬಲವಾಗಿ ಬಿಗಿದು, ಬೊಮ್ಮಪ್ಪನನ್ನು ಕಿತ್ತುಕೊಂಡು ದಂಡೆಗೆ ಎಳೆದೊಯ್ದ.

ಬೊಮ್ಮಪ್ಪ ಬದುಕಿದ. ಸಿಮೆಂಟಿನ ಮೇಲೆ ಬೋರಲು ಬಿದ್ದು ನೀರು ಕಾರಿದ, ಕೆಮ್ಮಿದ, ಉಸಿರು ಸರಿಹೋಯಿತು. ಮೇಷ್ಟ್ರು ಬೆನ್ನು ಸವರಿ, "ಆತು, ಎಲ್ಲಾ ಬಂತು, ಹೆದರಬ್ಯಾಡ" ಎಂದರು. ಆದರೆ ಅವನು ಎದ್ದು ಕೂತು ಎರಡು ಬೆರಳು ಗಂಟಲಿಗೆ ತೂರಿಸಿಕೊಂಡ. ವಾಂತಿ ಮಾಡಿದ. ಮತ್ತೆ ತೂರಿಸಿಕೊಂಡ. ಬರೀ ಹಳದಿ ಪಿತ್ತ ಬರತೊಡಗಿದರೂ ಬಿಡಲಿಲ್ಲ, ಮತ್ತೆ ಮತ್ತೆ ತೂರಿಸಿಕೊಂಡ. ಎದೆಮಟ್ಟ ನೀರಿನಲ್ಲಿ ನಿಂತ ಕ್ರಾಂತಿ ಅದನ್ನೆಲ್ಲ ಕಣ್ಣು ಮಿಟುಕಿಸದೆ ನೋಡಿದ.

ಮೇಷ್ಟ್ರು ಬೊಮ್ಮಪ್ಪನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಕೂಡ್ಲಿಗಿಯ ದವಾಖಾನೆಗೆ ಹೊರಟರು. ಕೇಸು ಹಾಕುತ್ತೇನೆ, ನೌಕರಿ ಕಳೆಯುತ್ತೇನೆ ಎಂದು ಬೊಮ್ಮಪ್ಪ ಗೇಟಿನವರೆಗೂ ಹೇಳುತ್ತಲೇ ಹೋದ. ಸ್ಕೂಟರಿನ ಸದ್ದು ಹೈವೇಯಲ್ಲಿ ಕರಗಿದ ಮೇಲೆ ಗುರುಸಂಗಪ್ಪ ಹೊಂಡದ ಹತ್ತಿರ ಬಂದರು.

"ರಫೀಕ, ವಾಲ್ವ್ ಬಿಚ್ಚು. ನೀರು ಹೊರಗ ಬಿಡು."

"ಮೂರು ದಿನ ಹಿಡದೈತ್ರಿ ಸಾವ್ಕಾರ್ರ, ಇದನ್ನ ತುಂಬಾಕ."

"ರಕ್ತ ಬಿದ್ದೈತಿ."

"ಅವನ ರಕ್ತನೂ ಬಿದ್ದೈತ್ರಿ" ಎಂದ ಕ್ರಾಂತಿ ನೀರಿನೊಳಗಿನಿಂದ.

ಗುರುಸಂಗಪ್ಪ ಅವನ ಮುಖ ನೋಡಲಿಲ್ಲ. "ಬಿಚ್ಚು" ಎಂದು ಇನ್ನೊಮ್ಮೆ ರಫೀಕನಿಗೇ ಹೇಳಿದರು. ರಫೀಕನಿಗೆ ಈ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಮನೆಯಲ್ಲಿ ತಾಯಿ ಮೀರಾಬಿ ಹಾಸಿಗೆ ಹಿಡಿದಿದ್ದಳು, ಮಗಳು ನೂರೀನ ಈ ವರ್ಷವಷ್ಟೇ ಶಾಲೆಗೆ ಸೇರಿದ್ದಳು. ಅವನು ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ವಾಲ್ವಿನ ಗಾಲಿ ತಿರುಗಿಸಿದ. ಗೋಡೆಯಾಚೆಯ ಚರಂಡಿಯಲ್ಲಿ ನೀರು ಬಿದ್ದ ಸದ್ದಾಯಿತು.

"ಪೂರ್ತಿ ತಿರುವೋ."

"ಬಿಗಿ ಆಗೈತ್ರಿ. ಇಷ್ಟ ಬರ್ತೈತಿ" ಎಂದ ರಫೀಕ್. ನಿನ್ನೆ ಸಂಜೆಯಷ್ಟೇ ಅವನೇ ಅದಕ್ಕೆ ಗ್ರೀಸು ಹಾಕಿದ್ದ.

ಗುರುಸಂಗಪ್ಪ ಸ್ವಲ್ಪ ಹೊತ್ತು ನಿಂತಿದ್ದು ಕಾರು ಹತ್ತಿ ಹೋದರು. ಬಿಸಿಲು ವಾಲಿತು. ಕ್ರಾಂತಿ ಮೇಲೆ ಬರಲಿಲ್ಲ, ಬಾ ಎಂದು ರಫೀಕನೂ ಕರೆಯಲಿಲ್ಲ. ನೀರು ಎದೆಯಿಂದ ಹೊಟ್ಟೆಗೆ ಇಳಿಯಿತು. ಕ್ರಾಂತಿ ಒದ್ದೆಯಾದ ಅಂಗಿ, ಪ್ಯಾಂಟು ಕಳಚಿ ದಂಡೆಗೆ ಎಸೆದು, ಆ ಹೊಸ ಚಡ್ಡಿಯಲ್ಲಿ ನಿಂತ. ಅವನ ಹುಬ್ಬಿನಿಂದ ಇನ್ನೂ ಸಣ್ಣಗೆ ರಕ್ತ ಜಿನುಗುತ್ತಿತ್ತು.

"ಹೆಂಗ ಅಂದಿದ್ದಿ, ತೇಲೋದು?" ಎಂದು ಕೇಳಿದ.

ರಫೀಕ್ ಗಾಲಿಯ ಮೇಲಿನ ಕೈ ತೆಗೆಯದೆ ಹೇಳಿದ. "ಹಿಂದಕ ಮಲಕ್ಕೋ. ಕಿವಿ ನೀರಾಗ ಹೋಗಲಿ, ಅಂಜಬ್ಯಾಡ. ಕುತ್ತಿಗಿ ಸಡ್ಲ ಬಿಡು."

ಕ್ರಾಂತಿ ಮೊಣಕಾಲು ಮಡಚಿ ಹಿಂದಕ್ಕೆ ಒರಗಿದ. ಮುಳುಗಿದ, ಮೂಗಿಗೆ ನೀರು ಹೋಗಿ ಎದ್ದು ಸೀನಿದ, ಮತ್ತೆ ಒರಗಿದ.

"ಹೊಟ್ಟಿ ಮ್ಯಾಲ ತಾ. ಕೈ ಅಗಲ ಮಾಡು. ಉಸುರು ಹಿಡಿ."

ನಾಲ್ಕನೆಯ ಸಲಕ್ಕೆ ನೀರು ಅವನನ್ನು ಹಿಡಿದುಕೊಂಡಿತು. ಕಾಲು ತಾವಾಗಿಯೇ ಮೇಲೆ ಬಂದವು. ಕಿವಿಯೊಳಗೆ ನೀರು ತುಂಬಿ ಚರಂಡಿಯ ಸದ್ದು ದೂರವಾಯಿತು. ಅವನ ಕಣ್ಣೆದುರಿಗೆ ಆಕಾಶ ಬಿಟ್ಟರೆ ಇನ್ನೇನೂ ಇರಲಿಲ್ಲ. ರಫೀಕ್ ಮತ್ತೇನೋ ಹೇಳುತ್ತಿದ್ದ, ಅದು ಅವನಿಗೆ ಕೇಳಿಸಲಿಲ್ಲ. ಕೈ ಚಾಚಿಕೊಂಡು ಹಾಗೇ ಮಲಗಿದ್ದ. ನೀರು ಅವನನ್ನು ಹೊತ್ತುಕೊಂಡೇ ಇಳಿಯುತ್ತ ಹೋಯಿತು. ಮೊದಲು ಹಿಮ್ಮಡಿ ನೆಲಕ್ಕೆ ತಾಗಿತು, ಆಮೇಲೆ ಬೆನ್ನು, ಕೊನೆಗೆ ತಲೆ.