ಬಟ್ಟೆ ಹಿಂಡುವವಳಿಗೆ ಎಷ್ಟು ಬೆಳಕು

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಅವಳನ್ನು ಲೈಟಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಏಣಿ ಹತ್ತಿ ದೀಪ ಹೊಂದಿಸುವುದೇ ಅವಳ ಕೆಲಸ. ಇಷ್ಟು ವರ್ಷದಲ್ಲಿ ಆ ರಷ್ಯನ್ ಶಿಲ್ಪಿಯ ಪ್ರದರ್ಶನದಷ್ಟು ಅವಳ ತಲೆ ತಿಂದದ್ದು ಇನ್ನೊಂದಿರಲಿಲ್ಲ.

ಶಿಲ್ಪಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಪುಣ್ಯಾತ್ಮ ಒಂದರಲ್ಲಿ ನಿಂತವನಲ್ಲ. ಮಣ್ಣು, ಮರ, ಕಂಚು, ಗಾಜು, ಪೆನ್ಸಿಲ್ಲು ಅಂತ ಕೈಗೆ ಸಿಕ್ಕಿದ್ದರಲ್ಲೆಲ್ಲ ಮಾಡಿದ್ದ. ಪ್ರದರ್ಶನದ ಜೀವಾಳವೆಂದರೆ ಬಗ್ಗಿ ಬಟ್ಟೆ ಹಿಂಡುತ್ತಿರುವ ಒಬ್ಬ ಹುಡುಗಿ. ಅವಳನ್ನೇ ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಮಣ್ಣಿನಲ್ಲಿ, ಮರದಲ್ಲಿ, ಕೊನೆಗೆ ಆಳೆತ್ತರದ ಕಂಚಿನಲ್ಲಿ ಮಾಡಿದ್ದ. ನಾಲ್ಕೂ ಒಂದೇ ಕೋಣೆಯಲ್ಲಿರಬೇಕು ಎಂದು ತೀರ್ಮಾನವಾಗಿತ್ತು.

ರಗಳೆ ಶುರುವಾದದ್ದೇ ಅಲ್ಲಿಂದ. ಚಿತ್ರಗಳನ್ನು ನೋಡಿಕೊಳ್ಳುವ ಕಾಗದದ ಮೇಷ್ಟ್ರು ಬೆಳಕಳೆಯುವ ಮೀಟರ್ ಹಿಡಿದು ಕಾವಲು ನಿಂತರು.

"ಮೀಟರಲ್ಲಿ ಐವತ್ತು ದಾಟಿದ್ರೆ ಕಾಗದಾನ ಬಿಸಿಲಿಗೆ ಒಣಗಿಹಾಕಿದ ಹಾಗೆ, ತಿಳ್ಕೋ."

"ಐವತ್ತರಲ್ಲಿ ಕಂಚು ಇದ್ದಿಲ ಮೂಟೆ ಥರ ಕಾಣ್ಸುತ್ತೆ," ಎಂದರು ನಿರ್ದೇಶಕರು. "ಫಳಫಳ ಅನ್ಬೇಕು!"

ಲೈಟಕ್ಕ ಆರು ಸಲ ಹಾಕಿದಳು, ಆರು ಸಲ ಬಿಚ್ಚಿದಳು. ಏಳನೇ ಸಲ ಇಡೀ ಕೋಣೆಯನ್ನೇ ಮಂದ ಮಾಡಿದಳು. ಒಳಬರುವ ದಾರಿಯಲ್ಲೂ ಬೆಳಕು ತಗ್ಗಿಸಿ, ನೋಡುವವರ ಕಣ್ಣು ನಿಧಾನವಾಗಿ ಹೊಂದಿಕೊಳ್ಳುವಂತೆ ಮಾಡಿದಳು. ಕಂಚಿನ ಬೆನ್ನು ನಿಜವಾಗಿಯೂ ಉಸಿರಾಡುವಂತೆ ಕಂಡಿತು. ಮೇಷ್ಟ್ರೂ ತಲೆದೂಗಿದರು. ನಿರ್ದೇಶಕರು ಮಾತ್ರ ಬಾಗಿಲಲ್ಲೇ ನಿಂತು, "ಕರೆಂಟ್ ಹೋಗಿದೆ ಅಂದ್ಕೋತಾರೆ ಜನ. ಫೋಟೋನೂ ಬರಲ್ಲ," ಎಂದು ಒಂದೇ ಮಾತಿಗೆ ಮುಗಿಸಿಬಿಟ್ಟರು. ಕೋಣೆಗೆ ಮತ್ತೆ ಜೋರು ಬೆಳಕು ಬಂತು, ಕಾಗದದ ಚಿತ್ರವನ್ನು ಶೌಚಾಲಯದ ಕಡೆಗೆ ಹೋಗುವ ಓಣಿಗೆ ಸಾಗಿಸಲಾಯಿತು. ಅಲ್ಲಿ ಹೇಗೂ ಮಬ್ಬು.

ಆ ಸಂಜೆ ಮನೆಯಲ್ಲಿ ಗಂಡ, "ಅಡುಗೆಮನೆ ಬಲ್ಬ್ ಹೋಗಿ ನಾಲ್ಕು ದಿನ ಆಯ್ತು ಕಣೇ," ಎಂದದ್ದೇ ತಡ, ಅವಳು ಉರಿದುಬಿದ್ದಳು. ಪಾಪ, ಅವನು ತಾನೇ ಸ್ಟೂಲು ಹುಡುಕಿಕೊಂಡು ಹೋದ.

ಉದ್ಘಾಟನೆಗೆ ಶಿಲ್ಪಿಯ ತಂಗಿ ಬಂದಳು. ಎಂಬತ್ತೊಂದರ ಅಜ್ಜಿ. ಕೈಯಲ್ಲಿ ಕೋಲು, ಪಕ್ಕದಲ್ಲಿ ಅವಳ ಮಾತನ್ನು ಕನ್ನಡದಲ್ಲಿ ಹೇಳಲು ಮೊಮ್ಮಗಳು. ಕಂಚಿನ ಹುಡುಗಿಯ ಪಕ್ಕ ನಿಂತು ಬಂದವರಿಗೆಲ್ಲ, "ಇದು ನಾನು," ಎಂದು ಹೇಳುತ್ತಿದ್ದಳು. ಹದಿನೇಳರ ಪ್ರಾಯದಿಂದ ಮೂರು ಚಳಿಗಾಲ ಅಣ್ಣನ ಶೆಡ್ಡಿನಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳಂತೆ. ಯಾರದೋ ಖಾಸಗಿ ಸಂಗ್ರಹದಲ್ಲಿದ್ದ ಆ ಚಿತ್ರವನ್ನು ಮಾತ್ರ ಅವಳು ಎಂದೂ ನೋಡಿರಲಿಲ್ಲ. ಓಣಿಯ ಮಬ್ಬಿನಲ್ಲಿ ಅವಳ ಕಣ್ಣಿಗೆ ಏನೂ ಕಾಣಿಸಲಿಲ್ಲ. ಹಿಂದಿನಿಂದ ಜನ ತಳ್ಳಿಕೊಂಡು ಹೋಗುತ್ತಿದ್ದರು.

"ಅಜ್ಜಿ ಕೇಳ್ತಿದ್ದಾರೆ," ಎಂದಳು ಮೊಮ್ಮಗಳು ಮುಜುಗರದಿಂದ, "ನನ್ನನ್ನ ಯಾಕೆ ಕಕ್ಕಸಿನ ದಾರೀಲಿ ನಿಲ್ಸಿದ್ದೀರಿ ಅಂತ."

ಲೈಟಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನೆಟ್ಟಗೆ ಮೇಷ್ಟ್ರ ಹತ್ತಿರ ಹೋದಳು.

"ಸೋಮವಾರ ರಜೆ. ಯಾರೂ ಇರಲ್ಲ. ಹತ್ತೇ ನಿಮಿಷ, ಒಳ್ಳೇ ಬೆಳಕಲ್ಲಿ ತೋರ್ಸೋಣ."

ಮೇಷ್ಟ್ರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. "ಆಮೇಲೆ ಆ ಬೆಳಕಿನ ಲೆಕ್ಕ ಸರಿಮಾಡೋಕೆ ಒಂದು ವಾರ ಕತ್ತಲಲ್ಲಿ ಇಡ್ತೀನಿ. ನಿನ್ನ ಮುಖ ನೋಡಿ ಒಪ್ಕೊಂಡೆ, ಆಯ್ತಾ?"

ಸೋಮವಾರ ಬೆಳಿಗ್ಗೆ ಮೇಷ್ಟ್ರು ಚಿತ್ರವನ್ನು ಎಳೆಗೂಸಿನಂತೆ ತಂದು ಮಣ್ಣಿನ ಹುಡುಗಿಯ ಪಕ್ಕ ಇಟ್ಟರು. ಲೈಟಕ್ಕ ಎರಡು ದೀಪ ಹೊಂದಿಸಿದಳು. ಮಣ್ಣು, ಮರ, ಕಂಚು ಮೂರರಲ್ಲೂ ಕೂದಲು ಜಾರಿ ಮುಖ ಮುಚ್ಚಿತ್ತು. ಕಾಗದದಲ್ಲಿ ಮಾತ್ರ ಕೆನ್ನೆ, ಗಲ್ಲ, ಮೂಗು ಸ್ಪಷ್ಟವಾಗಿದ್ದವು. ಅಜ್ಜಿ ಹತ್ತಿರ ಬಂದಳು. ಇನ್ನೂ ಹತ್ತಿರ ಬಂದಳು. ಏನೋ ಒಂದು ಮಾತು ಹೇಳಿ ಕೋಲನ್ನು ನೆಲಕ್ಕೆ ಕುಟ್ಟಿದಳು.

ಮೊಮ್ಮಗಳ ಮುಖ ಬಿಳಿಚಿತು. "ಇದು ನಾನಲ್ಲ ಅಂತಿದ್ದಾರೆ. ಅವರ ಅತ್ತಿಗೆಯಂತೆ. ಆಗಿನ್ನೂ ಅಣ್ಣನ ಜೊತೆ ಮದುವೆ ಆಗಿರ್ಲಿಲ್ಲ, ಪಕ್ಕದ ಬೀದೀಲಿ ಇದ್ರಂತೆ. ಅತ್ತಿಗೆ ಜೊತೆ ಅಜ್ಜಿ ಮೂವತ್ತು ವರ್ಷ ಮಾತು ಬಿಟ್ಟಿದ್ರು."

ಅಜ್ಜಿಯ ಮಾತು ನಿಲ್ಲಲಿಲ್ಲ. ಮೊಮ್ಮಗಳು ತಡವರಿಸುತ್ತ ಹೇಳಿದಳು: "ಚಳೀಲಿ ನಡುಗ್ತಾ ನಿಂತವಳು ನಾನು. ಅಣ್ಣನ ಮನಸ್ಸಲ್ಲಿ ಇದ್ದವಳು ಇವಳು. ಸಾಯೋವರೆಗೂ ಒಂದು ಮಾತು ಹೇಳ್ಲಿಲ್ಲ, ಕಳ್ಳ."

ಆಮೇಲೆ ಅಜ್ಜಿ ಕಂಚಿನ ಹುಡುಗಿಯ ಕೈಯನ್ನು ನೋಡಿದಳು. ತನ್ನ ಹೆಬ್ಬೆರಳನ್ನು ಅದರ ಪಕ್ಕಕ್ಕೆ ಹಿಡಿದಳು. ಎರಡೂ ಮೊಂಡು, ಒಂದೇ ಥರ ಹೊರಕ್ಕೆ ಬಾಗಿದ್ದವು. "ಕೈ ಮಾತ್ರ ನಂದೇ," ಎಂದು ಹೊರಟಳು. ಹತ್ತು ನಿಮಿಷವೂ ಆಗಿರಲಿಲ್ಲ.

ಲೈಟಕ್ಕ ಏಣಿಯ ಮೆಟ್ಟಿಲ ಮೇಲೇ ಕುಳಿತುಬಿಟ್ಟಳು. ಓಣಿಯಲ್ಲೇ ಬಿಟ್ಟಿದ್ದರೆ ಮುದುಕಿ ಬೈದುಕೊಂಡಾದರೂ ಖುಷಿಯಿಂದ ಊರು ಸೇರುತ್ತಿದ್ದಳು. ತಾನು ಹಾಕಿದ ಬೆಳಕೇ ಇಷ್ಟಕ್ಕೆಲ್ಲ ಕಾರಣ ಎನಿಸಿತು.

ಮಾರನೆಯ ದಿನ ನಿರ್ದೇಶಕರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. "ಫಲಕದಲ್ಲಿ 'ಶಿಲ್ಪಿಯ ತಂಗಿ' ಅಂತಿದೆ ಸಾರ್. ಚಿತ್ರದ್ದು ತಪ್ಪು. ಬದಲಾಯಿಸ್ಬೇಕು."

"ಪ್ರದರ್ಶನದ ಪುಸ್ತಕಾನೂ ಹಾಗೇ ಅಚ್ಚಾಗಿದೆ. ಯಾರು ನೋಡ್ತಾರೆ ಬಿಡು," ಎಂದರು ಅವರು ತಲೆಯೆತ್ತದೆ. "ಕಂಚಿನ ಬೆನ್ನಿಗೆ ಇನ್ನೊಂದು ಲೈಟ್ ಹಾಕು. ಇನ್ನೂ ಡಲ್ ಇದೆ."

ಅವಳು ಹಲ್ಲು ಕಚ್ಚಿಕೊಂಡು ಏಣಿ ಹತ್ತಿದಳು. ಹೊಸ ದೀಪವನ್ನು ಬೆನ್ನಿಗೆ ಹಾಕಲಿಲ್ಲ. ಹುಡುಗಿಯ ಕೈಗೆ, ಆ ಮೊಂಡು ಹೆಬ್ಬೆರಳಿಗೆ ತಿರುಗಿಸಿ ಬಿಗಿದಳು. ಮಧ್ಯಾಹ್ನ ನಿರ್ದೇಶಕರು ಬಂದು ನೋಡಿ, "ಹ್ಞಾಂ, ಈಗ ಸರಿಹೋಯ್ತು ಬೆನ್ನು," ಎಂದು ಹೇಳಿ ಹೋದರು.