ಸುತ್ತಿಗೆಗೆ ಪುಡಿಯಾಗದ ಚರೆ

ಹದಿನೈದು ದಿನ ಕಳೆದರೂ ಕ್ಲಿಫರ್ಡನ ಕೋಟಿನಿಂದ ಸತ್ತ ಹಂಸದ ನಾತ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಪಶುವೈದ್ಯರು ಕೊಯ್ದು ನೋಡಿ ಕೊಟ್ಟ ಹಕ್ಕಿಯನ್ನು ಗೋಣಿಗೆ ತುಂಬಿ, ಹೆಗಲ ಮೇಲೆ ಹೊತ್ತು, ನಡುಮಧ್ಯಾಹ್ನ ಊರೆಲ್ಲ ನೋಡುವಂತೆ ನಡೆದು, ಡೆಸ್ಮಂಡನ ಮನೆಯ ಮೆಟ್ಟಿಲ ಮೇಲೆ ದೊಪ್ಪನೆ ಸುರಿದು ಬಂದಿದ್ದನಲ್ಲ ಮಹಾನುಭಾವ! ಹಸಿರು ಹಿಕ್ಕೆ, ಕೊಳೆತ ಕರುಳು, ಎಲ್ಲ. ಡೆಸ್ಮಂಡನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕ್ಲಿಫರ್ಡ್ ಅವಳ ಮುಖ ಕೂಡ ನೋಡಲಿಲ್ಲ.

ಹಂಸವನ್ನು ಯಾರೂ ಹೊಡೆದಿರಲಿಲ್ಲ. ಕಾಳು ಅರಗಲೆಂದು ಹಕ್ಕಿಗಳು ಮರಳು, ಸಣ್ಣ ಕಲ್ಲು ನುಂಗುತ್ತವೆ. ಬೇಟೆಯವರ ಕೋವಿಯಿಂದ ಹಾರಿ ಕೆಸರಲ್ಲಿ ಬಿದ್ದ ಸೀಸದ ಚರೆಯನ್ನೂ ಕಲ್ಲೆಂದೇ ನುಂಗಿ ವಾರಗಟ್ಟಲೆ ನರಳಿ ಸಾಯುತ್ತವೆ. ಬೇಟೆಗಾರರು ಹೊಂಚಿ ಕೂರುವ ಕಾಲುವೆಯೊಂದರಲ್ಲಿ ಸಿಕ್ಕ ಈ ಹಂಸದ ಹೊಟ್ಟೆಯಲ್ಲಿ ಒಂಬತ್ತು ಚರೆ ಸಿಕ್ಕಿದ್ದವು, ಇನ್ನೂ ಸವೆಯದ ಹೊಸವು. ಇಂಗ್ಲೆಂಡಿನ ವಾಷ್ ಕೊಲ್ಲಿಯ ಈ ಜವುಗಿನಲ್ಲಿ ಬಾತು ಹೊಡೆಯಲು ಸೀಸ ಬಳಸುವುದು ನಿಂತು ವರ್ಷಗಳಾಗಿವೆ, ಅದು ಕಾನೂನು. ಆದರೆ ಕ್ಲಿಫರ್ಡನ ಬೇಟೆ ಸಂಘದವರದು ಅಜ್ಜಂದಿರ ಕಾಲದ ಕೇಪಿನ ಕೋವಿ. ಅಂಗಡಿಯ ತೋಟಾ ಇಲ್ಲ, ಒಳಗೇನಿದೆಯೆಂದು ಹೇಳುವ ಚೀಟಿಯೂ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಬಿರಡೆ ಇಟ್ಟು ಗಜದ ಕೋಲಿನಿಂದ ಜಡಿದು, ಮೇಲೆ ಒಂದು ಅಳತೆ ಚರೆ ಸುರಿಯುವುದು. ಸುರಿದದ್ದು ಸೀಸವೋ, ಅದರ ಬದಲು ಬಳಸಬೇಕಾದ ವಿಷವಿಲ್ಲದ ಬಿಸ್ಮತ್ ಲೋಹವೋ ಕಣ್ಣಿಗೆ ತಿಳಿಯುವುದಿಲ್ಲ, ಎರಡೂ ಬೂದು. ತಿಳಿಯುವುದು ಸುತ್ತಿಗೆಗೆ. ಒಂದೇಟು ಕೊಟ್ಟರೆ ಬಿಸ್ಮತ್ ಪುಡಿಪುಡಿ, ಸೀಸ ಚಪ್ಪಟೆ. ಸಂಘಕ್ಕೆ ಈ ಪರೀಕ್ಷೆ ಕಲಿಸಿದವನು ಕ್ಲಿಫರ್ಡನೇ. ಕಂಡಕಂಡವರ ಚೀಲಕ್ಕೆ ಕೈಹಾಕಿ ಸುತ್ತಿಗೆ ಬೀಸುತ್ತಿದ್ದ. ಬೇರೆಯವರ ಚೀಲಕ್ಕೆ ಮಾತ್ರ.

"ಆ ಕಾಲುವೇಲಿ ಕೂರೋದು ಇಬ್ಬರೇ," ಎಂದು ಅವನು ಸಂಘದೆದುರು ಎದೆ ತಟ್ಟಿಕೊಂಡಿದ್ದ. "ನಾನು, ಡೆಸ್ಮಂಡ್. ನಾನಂತೂ ಅಲ್ಲ."

ಡೆಸ್ಮಂಡನ ಚೀಲದ ಚರೆ ಸುತ್ತಿಗೆಗೆ ಪುಡಿಯಾಗಿತ್ತು. "ಇವತ್ತಿಗೆ ಅಂತ ಬದಲಾಯಿಸಿ ತಂದಿದಾನೆ" ಎಂದುಬಿಟ್ಟ ಕ್ಲಿಫರ್ಡ್. ನಲವತ್ತು ವರ್ಷ ಆ ಜವುಗಿನಲ್ಲಿ ಕೂತ ಮನುಷ್ಯನನ್ನು ಸಂಘದಿಂದ ಹೊರಗೆ ಹಾಕಿ, ಜವುಗಿಗೆ ಹೋಗುವ ದಂಡೆಯ ಗೇಟಿನ ಕೀಲಿ ಕಿತ್ತುಕೊಳ್ಳುವುದೆಂದು ತೀರ್ಮಾನವಾಯಿತು. ಭಾನುವಾರ ನಾಲ್ಕು ಗಂಟೆಗೆ ಸಭೆಯಲ್ಲಿ ಕೈ ಎತ್ತಿಸುವುದು ಮಾತ್ರ ಬಾಕಿ.

ಆ ಭಾನುವಾರ ಮಧ್ಯಾಹ್ನ ಕ್ಲಿಫರ್ಡನ ಹೆಂಡತಿ ಬೆರಿಲ್ ಅವನು ಹೊಡೆದು ತಂದ ಬಾತು ಹುರಿದಿದ್ದಳು, ಜೊತೆಗೆ ಆಲೂಗಡ್ಡೆ, ಕೆಂಪು ಕೋಸು. ಎರಡನೇ ತುತ್ತಿಗೇ ಅವಳು ಮುಖ ಕಿವುಚಿ ಬಾಯೊಳಗಿಂದ ಏನನ್ನೋ ತೆಗೆದಳು. ಚರೆ ಸಿಗುವುದು ಆ ಮನೆಯಲ್ಲಿ ಹೊಸದಲ್ಲ, ತಟ್ಟೆಯ ಅಂಚಿಗಿಟ್ಟು ಮುಂದೆ ತಿನ್ನುವುದೇ ರೂಢಿ. ಈ ಸಲ ಅವಳು ಅದನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

"ಕ್ಲಿಫ್, ಇದು ನನ್ನ ಹಲ್ಲಿಗೆ ಪುಡಿಯಾಗ್ಲಿಲ್ಲ."

"ಅಯ್ಯೋ, ನಿನ್ನ ಹಲ್ಲಲ್ಲಿ ಶಕ್ತಿ ಎಲ್ಲಿದೆ?"

"ಹಲ್ಲಿನ ಗುರುತು ಬಿದ್ದಿದೆ ನೋಡು. ಬೆಣ್ಣೆ ಮೇಲೆ ಬಿದ್ದ ಹಾಗೆ."

ಕ್ಲಿಫರ್ಡ್ ನಗುತ್ತಲೇ ಎದ್ದು ಆ ಚರೆ ಹಿಡಿದು ಹಿತ್ತಿಲ ಕೊಟ್ಟಿಗೆಗೆ ಹೋದ. ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟ. ಚಪ್ಪಟೆ. ತನ್ನ ಚರೆಯ ಡಬ್ಬಿ ತೆರೆದು ಇನ್ನೊಂದು ಚರೆ ಇಟ್ಟ. ಚಪ್ಪಟೆ. ಹತ್ತು ಹೊಡೆದ, ಹತ್ತೂ ಸಣ್ಣ ನಾಣ್ಯದ ಹಾಗೆ ಮಲಗಿದವು. ಬಾಯಲ್ಲಿದ್ದ ಬಾತಿನ ರುಚಿ ಹುಳಿಯಾಯಿತು. ಬಾಗಿಲಾಚೆ ಬಗ್ಗಿ ಉಗಿದ.

ಆಗ ಒಂದೊಂದಾಗಿ ನೆನಪಾದವು. ಈ ಹಂಗಾಮಿಡೀ ಕೋವಿ ಹೆಗಲಿಗೆ ಜೋರಾಗಿ ಒದ್ದದ್ದು, ಬೆರಿಲ್ ರಾತ್ರಿ ಮುಲಾಮು ತಿಕ್ಕಿದ್ದು, "ವಯಸ್ಸಾಯ್ತು ಕಣೇ" ಎಂದು ತಾನು ಗೊಣಗಿದ್ದು. ವಯಸ್ಸಲ್ಲ ಮಣ್ಣಲ್ಲ! ಅದೇ ಅಳತೆಯ ಬಟ್ಟಲಲ್ಲಿ ಸೀಸ ತುಂಬಿದರೆ ತೂಕ ಹೆಚ್ಚು, ಒದೆತವೂ ಹೆಚ್ಚು. ಇಷ್ಟು ತಿಳಿಯದವನು ಊರಿಗೆ ಪಾಠ ಹೇಳುತ್ತಿದ್ದ. "ನೋಡ್ರೋ, ಬಿಸ್ಮತ್ ಎಷ್ಟು ದೂರಕ್ಕೆ ಹೊಡೆಯುತ್ತೆ" ಎಂದು ಮೀಸೆ ತಿರುವಿದ್ದು ಬೇರೆ. ಥೂ!

ಆ ಡಬ್ಬಿ ಆಗಸ್ಟಿನಲ್ಲಿ ಹುಟ್ಟುಹಬ್ಬಕ್ಕೆಂದು ಗೆಳೆಯ ರಾಡ್ನಿ ಬಿಸ್ಮತ್ ಎಂದು ಹೇಳಿ ಕೊಟ್ಟದ್ದು. ಸಭೆಗೆ ಕರೆದೊಯ್ಯಲು ಮೂರೂವರೆಗೆ ಬಂದ ರಾಡ್ನಿ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕಬ್ಬಿಣದ ಮೇಲಿನ ಚಪ್ಪಟೆ ಚರೆಗಳನ್ನು ನೋಡಿ ಪಕ್ಕನೆ ನಕ್ಕ.

"ಅಂತೂ ಗೊತ್ತಾಯ್ತಾ ಮಾರಾಯ! ನಿನ್ನ ಬಿಸ್ಮತ್ ಪುರಾಣ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ನಮ್ಮಪ್ಪನ ಹಳೇ ಸೀಸ ತುಂಬಿ ಕೊಟ್ಟೆ. ಕ್ರಿಸ್ಮಸ್ ಊಟದಲ್ಲಿ ಎಲ್ಲರ ಮುಂದೆ ಹೇಳಿ ನಗೋಣ ಅಂತಿದ್ದೆ."

"ಮತ್ಯಾಕೆ ಹೇಳಲಿಲ್ಲ?"

"ಜ್ವರ ಬಂದು ಊಟಕ್ಕೇ ಬರಲಿಲ್ಲ ನಾನು. ಆಮೇಲೆ ಆ ಹಂಸ ಸತ್ತಿತು. ನೀನು ಡೆಸ್ಮಂಡನ್ನ ಹಿಡ್ಕೊಂಡು ಕುಣಿಯೋಕೆ ಶುರು ಮಾಡಿದೆ. ಆಗ ಹೇಗೆ ಬಾಯಿ ಬಿಡಲಿ?"

"ನಲವತ್ತು ವರ್ಷ ಕಣೋ ಅವನದು!"

"ಹೋದ್ರೆ ಹೋಗ್ಲಿ ಬಿಡೋ. ಯಾರ ಜೊತೆಗೂ ನೆಟ್ಟಗೆ ಮಾತಾಡದ ಮನುಷ್ಯ. ಡಬ್ಬಿ ಇಲ್ಲಿ ಕೊಡು, ದಾರೀಲಿ ಕಾಲುವೆಗೆ ಸುರಿದುಬಿಡೋಣ. ನಿನಗೆ, ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ರಾಡ್ನಿಯ ಮುಖ, ಅವನ ಒದ್ದೆ ಹಲ್ಲು, ಗೆಳೆತನದ ಆ ಪಿಸುಮಾತು, ಎಲ್ಲ ಕಂಡು ಕ್ಲಿಫರ್ಡನಿಗೆ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯದ ಮಾತು ಇನ್ನೊಂದಿದೆ, ಅದನ್ನೂ ಹೇಳಿಯೇ ಬಿಡಬೇಕು. ಅವನ ಕೈ ಡಬ್ಬಿಯನ್ನು ಎತ್ತಿ ರಾಡ್ನಿಯ ಕಡೆ ಚಾಚಿತ್ತು. ಒಂದು ಗಳಿಗೆ, ನಿಜವಾಗಿಯೂ ಚಾಚಿತ್ತು. ಡಬ್ಬಿಯೊಳಗೆ ಚರೆ ಸರಸರ ಹೊರಳಿದ ಸದ್ದಿಗೆ, ಪಶುವೈದ್ಯರ ತಟ್ಟೆಯಲ್ಲಿ ಒಂಬತ್ತು ಚರೆ ಉರುಳಿದ್ದು ನೆನಪಾಗಿ ಕೈ ಹಿಂದಕ್ಕೆ ಬಂತು.

"ನಡಕೊಂಡೇ ಬರ್ತೀನಿ. ನೀನು ಹೋಗು," ಎಂದ.

"ಹುಚ್ಚು ಹಿಡಿದಿದೆಯಾ ನಿನಗೆ?"

"ಹೋಗು ಅಂದೆ."

ಸಭೆಯ ಕೋಣೆಯಲ್ಲಿ ಚಹಾ ಕುದಿಯುತ್ತಿತ್ತು. ಡೆಸ್ಮಂಡ್ ಹಿಂದಿನ ಬೆಂಚಿನಲ್ಲಿ ಟೋಪಿ ಮಡಿಲಲ್ಲಿಟ್ಟು ಕೂತಿದ್ದ. ಗೇಟಿನ ಕೀಲಿಯನ್ನು ಯಾರೂ ಕೇಳುವ ಮೊದಲೇ ತಂದು ಮೇಜಿನ ಮೇಲಿಟ್ಟಿದ್ದ. ಕ್ಲಿಫರ್ಡ್ ನೇರ ಮೇಜಿಗೆ ಹೋಗಿ ಕಬ್ಬಿಣದ ತುಂಡು ಇಟ್ಟ, ಡಬ್ಬಿಯಿಂದ ಒಂದು ಚರೆ ತೆಗೆದ, ಸುತ್ತಿಗೆ ಎತ್ತಿದ. ಸದ್ದಿಗೆ ಮಾತೆಲ್ಲ ನಿಂತಿತು. ಚಪ್ಪಟೆಯಾದ ಚರೆಯನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದ.

"ಇದು ನನ್ನ ಡಬ್ಬಿ. ಈ ಹಂಗಾಮಿಡೀ ನಾನು ಸುರಿದಿದ್ದು ಇದನ್ನೇ. ಬೇರೆಯವರು ಕೊಟ್ಟಿದ್ದು, ಹೌದು. ಆದ್ರೆ ಊರಿನವರ ಚರೆಗೆಲ್ಲ ಸುತ್ತಿಗೆ ಹಿಡಿದವನು ನನ್ನ ಡಬ್ಬಿಗೆ ಹಿಡಿಯಲಿಲ್ಲ."

ಯಾರೋ ಕೆಮ್ಮಿದರು. ರಾಡ್ನಿ ಕಿಟಕಿಯ ಕಡೆ ತಿರುಗಿದ.

"ಆ ಕಾಲುವೇಲಿ ಕೂರೋದು ಇಬ್ಬರೇ," ಎಂದ ಕ್ಲಿಫರ್ಡ್. "ಡೆಸ್ಮಂಡ್ ಅಲ್ಲ."

ತನ್ನ ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಡೆಸ್ಮಂಡ್ ಎದ್ದು ಬಂದು ತನ್ನ ಕೀಲಿಯನ್ನು ಮಾತ್ರ ಎತ್ತಿಕೊಂಡ. ಕ್ಲಿಫರ್ಡ್ ಕೈ ಚಾಚಿದ. ಡೆಸ್ಮಂಡ್ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ.

"ನನಗೆ ಯಾಕೆ ಹೇಳ್ತೀಯ?" ಎಂದ. "ನಾನಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಮೆಟ್ಟಿಲು ತೊಳೆದವಳು ನನ್ನ ಹೆಂಡ್ತಿ. ಮನೇಲೇ ಇದಾಳೆ. ಹೋಗಿ ಅವಳಿಗೆ ಹೇಳು."