ಇದ್ದೀರಾ?

ಬಲಗೈಯಲ್ಲಿ ಚಿತ್ರಾನ್ನ, ಎಡಗೈಯ ಕಿರುಬೆರಳಲ್ಲಿ ಹಡಗು. ಅನಿಲ್‌ಕುಮಾರ್ ದಿನಾ ಅರಬ್ಬೀ ಸಮುದ್ರ ದಾಟುತ್ತಿದ್ದುದು ಹೀಗೆ. ಅದೇನು ಸಾಮಾನ್ಯ ಹಡಗೇ? ಬಾಲವನ್ನು ದೇವನಹಳ್ಳಿ ಕೋಟೆಯಲ್ಲಿಟ್ಟರೆ ಮೂತಿ ಪಕ್ಕದೂರು ವಿಜಯಪುರದ ಬಸ್‌ಸ್ಟ್ಯಾಂಡಿಗೆ ತಾಗಬೇಕು. ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಇಲಿಗಳು ಕೂಡ ಅವನಿಗೆ ಹೆದರಿ ಇಳಿದುಹೋಗಿದ್ದವು. ಅವನು ಗದರಿದರೆ ಅಲೆಗಳು ಕುಕ್ಕರಗಾಲಲ್ಲಿ ಕೂರುತ್ತಿದ್ದವು.

ಊರಿಗೆಲ್ಲ ಹೀಗೆ ಹೇಳಿದ್ದ. ಹೇಳಿ ಹೇಳಿ ಅವನಿಗೂ ನಂಬಿಕೆ ಬಂದಿತ್ತು, ಒಬ್ಬನೇ ಇದ್ದಾಗಿನ ಹೊತ್ತು ಬಿಟ್ಟು.

ಇವತ್ತು ಮನೆಯವರನ್ನು ಆಫೀಸಿಗೆ ಕರೆತರಬಹುದು ಎಂದು ಕಂಪನಿ ಹೇಳಿತ್ತು. ವಿಮಾನ ನಿಲ್ದಾಣದ ಹಿಂದಿನ ಗಾಜಿನ ಕಟ್ಟಡ; ಅದರೊಳಗೆ ಕಿಟಕಿಯಿಲ್ಲದ ಕೋಣೆ, ದೂರದ ಹಡಗನ್ನು ಕೂತಲ್ಲಿಂದಲೇ ನಡೆಸುವ ಜಾಗ. ಅಪ್ಪ ವೆಂಕಟರಾಯಪ್ಪ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು, ಎ.ಸಿ. ಚಳಿಗೆ ಟವಲನ್ನು ತಲೆಗೆ ಸುತ್ತಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದ. ಎದುರಿನ ಪರದೆಯ ತುಂಬ ಸಮುದ್ರ.

"ಹಡಗಲ್ಲಿ ಯಾರೂ ಇಲ್ವೇನೋ?"

"ನಾನಿದ್ದೀನಲ್ಲಪ್ಪ."

"ನೀನು ಇಲ್ಲಿದ್ದೀಯಲ್ಲೋ."

ಅನಿಲ್‌ಕುಮಾರ್ ನಕ್ಕ. ಆ ಮಾತು ಅವನಿಗೆ ಹಿಡಿಸಲಿಲ್ಲ.

"ಈ ಕೆಂಪು ಗುಂಡಿ ನೋಡಪ್ಪ. ಒತ್ತಿದ್ರೆ ಸಾಕು, ಬೆಟ್ಟದಂಥ ಹಡಗು ಗುಡಿ ಬಸವಣ್ಣನ ಹಂಗೆ ನಿಂತ್ಬಿಡುತ್ತೆ."

ಪರದೆಯ ಮೂಲೆಯಲ್ಲಿ ಅಕ್ಷರ ಮಿನುಗಿತು: ಇದ್ದೀರಾ? ಅಪ್ಪನಿಗೆ ಕಾಣದ ಹಾಗೆ ಅವನು 'ಇದ್ದೇನೆ' ಒತ್ತಿದ.

"ಅದೇನೋ ಅದು, ಕರ್ರಗೆ?"

ಒಂದು ದೋಣಿ. ಅರ್ಧ ಮುಳುಗಿತ್ತು. ಅದರ ತುದಿಯಲ್ಲಿ ಒಬ್ಬ ನಿಂತು ಬಟ್ಟೆ ಬೀಸುತ್ತಿದ್ದ.

"ಮೀನು ಹಿಡಿಯೋನು. ಟಾಟಾ ಮಾಡ್ತಾವ್ನೆ. ನಮ್ ಹಡಗು ಕಂಡ್ರೆ ಎಲ್ರೂ ಮಾಡ್ತಾರೆ."

"ಟಾಟಾ ಅಲ್ಲ ಕಣ್ಲಾ. ನಮ್ಮೂರ್ ಗೇಟಲ್ಲಿ ನಿಂತ್ಕಂಡು ನಿಲ್ಲದ ಬಸ್ಸಿಗೆ ನಾನೆಷ್ಟು ಟವಲ್ ಬೀಸಿಲ್ಲ! ಅವ್ನು ನಿಲ್ಸು ಅಂತಾವ್ನೆ. ನಿಲ್ಸು."

ಕೆಂಪು ಗುಂಡಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಅನಿಲ್‌ಕುಮಾರ್ ಒಮ್ಮೆಯೂ ತೆಗೆದಿರಲಿಲ್ಲ. ಉಗುರು ಹಾಕಿ ಎತ್ತಿದ. ಒತ್ತಿದ.

ನಿಮ್ಮ ಕೋರಿಕೆ ತಲುಪಿದೆ, ಎಂದಿತು ಪರದೆ. ಕಾಯಿರಿ.

ಹಡಗು ಮೊದಲಿನಂತೆಯೇ ನುಗ್ಗುತ್ತಿತ್ತು. ಅವನು ಮೇಲಿನ ಮಹಡಿಯ ಸೂಪರ್‌ವೈಸರ್ ಸುನಿಲ್‌ಕುಮಾರ್‌ಗೆ ಫೋನ್ ಮಾಡಿದ.

"ಬಂದಿದೆ ಗುರು ನಿನ್ ರಿಕ್ವೆಸ್ಟು. ಫಾರಿನ್ ಆಫೀಸಲ್ಲಿ ನೋಡ್ತಾರೆ."

"ಯಾವಾಗ? ಇಲ್ಲಿ ಒಬ್ಬ ಮುಳುಗ್ತಾ ಇದ್ದಾನೆ."

"ಅಲ್ಲೀಗ ರಾತ್ರಿ ಅಲ್ವಾ. ನೀನು 'ಇದ್ದೇನೆ' ಒತ್ತುತಾ ಇರು, ಸಾಕು. ಅಪ್ಪನ್ನ ಊಟಕ್ಕೆ ಕರ್ಕೊಂಡ್ ಬಾ, ಹೋಳಿಗೆ ಮಾಡ್ಸಿದಾರೆ."

ಹಡಗು ಹತ್ತಿರವಾಗುತ್ತಿದ್ದಂತೆ ದೋಣಿಯವನು ಬೀಸುವುದನ್ನು ನಿಲ್ಲಿಸಿದ. ಬಟ್ಟೆಯನ್ನು ಸೊಂಟಕ್ಕೆ ಬಿಗಿದ, ಹತ್ತಲು ಸಿದ್ಧನಾದವನಂತೆ.

"ಗೊತ್ತಾಗ್ಬಿಡ್ತು ನೋಡು ಅವ್ನಿಗೆ, ನಿಲ್ತದೆ ಅಂತ," ಅಪ್ಪ ತೊಡೆ ತಟ್ಟಿದ. "ನನ್ ಮಗ ನಿಲ್ಸ್ಬಿಟ್ಟ!"

ಕಬ್ಬಿಣದ ಗೋಡೆ ದೋಣಿಯ ಪಕ್ಕದಲ್ಲೇ ಹಾದುಹೋಯಿತು. ಹಿಂದಿನ ಕ್ಯಾಮೆರಾದಲ್ಲಿ ಒಂದು ಕೈ ಕಂಡಿತು. ಆಮೇಲೆ ಬರೀ ನೊರೆ.

ಅಪ್ಪ ಮಗನ ಮುಖ ನೋಡಿದ.

"ನಾನು ಓಡಿಸಲ್ಲಪ್ಪ," ಅಂದ ಅನಿಲ್‌ಕುಮಾರ್. "ನಂಗೆ ಓಡಿಸೋಕೆ ಬರಲ್ಲ. ಸಮುದ್ರಾನೇ ನೋಡಿಲ್ಲ ನಾನು. ಅದು ಇದ್ದೀರಾ ಅಂತ ಕೇಳುತ್ತೆ. ಇದ್ದೀನಿ ಅಂತ ಒತ್ತುತೀನಿ. ಅಷ್ಟೇ ನನ್ ಕೆಲಸ."

ಅಪ್ಪ ಎದ್ದು ತಲೆಯ ಟವಲನ್ನು ಬಿಚ್ಚಿದ. ಪರದೆಯ ಹತ್ತಿರ ಹೋಗಿ, ತೋಳೆತ್ತಿ, ಆ ನೊರೆಗೆ ಬೀಸತೊಡಗಿದ.

ಮೂಲೆಯಲ್ಲಿ ಅಕ್ಷರ ಮಿನುಗಿತು.

ಇದ್ದೀರಾ?

ಅನಿಲ್‌ಕುಮಾರನ ಬೆರಳು 'ಇದ್ದೇನೆ' ಗುಂಡಿಯ ಮೇಲೆಯೇ ಇತ್ತು.